ಹಾಸಿಗೆಯ ಪಕ್ಕದ ಕೊನೆಯ ಕೈ: ರಕ್ತನಾಳಕ್ಕೆ ಔಷಧ ಕೊಡುವಾಗ ತಪ್ಪುಗಳು ಏಕೆ ಆಗುತ್ತವೆ

ಆಸ್ಪತ್ರೆಯಲ್ಲಿ ಯಾರದಾದರೂ ಹಾಸಿಗೆಯ ಪಕ್ಕ ರಾತ್ರಿ ಕಳೆದವರಿಗೆಲ್ಲ ಸಲೈನ್ ಬಾಟಲಿಯ ಕೆಳಗಿರುವ ಆ ಪುಟ್ಟ ಪಾರದರ್ಶಕ ಕೊಳವೆ ಪರಿಚಿತವೇ. ಬೇರೆ ಕೆಲಸವಿಲ್ಲದೆ, ನಿದ್ದೆಯೂ ಬಾರದೆ, ಅದರೊಳಗೆ ತೊಟ್ಟಿಕ್ಕುವ ಹನಿಗಳನ್ನು ಎಣಿಸುತ್ತ ಕೂತವರು ಈ ಸಭೆಯಲ್ಲೂ ಹಲವರಿರಬಹುದು. ನರ್ಸ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪು ನಡೆದದ್ದು ಆ ಕೊಳವೆಯೊಳಗೇ. ಇವತ್ತಿನ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಡ್ರಿಪ್ ಸೆಟ್‌ಗಳಲ್ಲಿ ಎರಡು ಬಗೆ. ದೊಡ್ಡ ಹನಿಯ ಸೆಟ್‌ನಲ್ಲಿ ಸಾಮಾನ್ಯವಾಗಿ 20 ಹನಿ ಸೇರಿದರೆ ಒಂದು ಮಿಲಿಲೀಟರ್. ಮಕ್ಕಳಿಗೂ ನಿಧಾನವಾಗಿ ಅಳೆದು ಕೊಡಬೇಕಾದ ಔಷಧಗಳಿಗೂ ಬಳಸುವ ಮೈಕ್ರೋ ಸೆಟ್‌ನಲ್ಲಿ 60 ಹನಿಗೆ ಒಂದು ಮಿಲಿಲೀಟರ್. ಆ ರಾತ್ರಿ ಎರಡು ಗಂಟೆಗೆ ನನಗಿದ್ದ ಆದೇಶ, 500 ಮಿಲಿಲೀಟರ್ ದ್ರಾವಣ ನಾಲ್ಕು ಗಂಟೆಯೊಳಗೆ ಹೋಗಬೇಕು ಎಂದು. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 42 ಹನಿ. ಲೆಕ್ಕವನ್ನು ಎರಡು ಸಲ ಮಾಡಿದೆ, ಗಡಿಯಾರ ನೋಡಿಕೊಂಡು ಹನಿ ಎಣಿಸಿದೆ, ಹನಿಯ ವೇಗ ಹೊಂದಿಸುವ ಹಲ್ಲುಚಕ್ರವನ್ನು ತಿರುಗಿಸಿ ಸರಿಯಾಗಿ 42ಕ್ಕೆ ನಿಲ್ಲಿಸಿದೆ, ಚಾರ್ಟಿನಲ್ಲಿ ಬರೆದು ಸಹಿ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ಪಾಳಿ ಬದಲಾಗುವಾಗ ಹಿರಿಯ ಸಿಸ್ಟರ್ ಬಾಟಲಿಯತ್ತ ನೋಡಿ, "ಇದು ಆರಕ್ಕೇ ಮುಗೀಬೇಕಿತ್ತಲ್ಲಮ್ಮ, ಅರ್ಧ ಹಾಗೇ ಇದೆಯಲ್ಲ" ಎಂದರು. ಟ್ರೇಯಲ್ಲಿ ಕೈಗೆ ಸಿಕ್ಕಿದ್ದು ಮೈಕ್ರೋ ಸೆಟ್ ಆಗಿತ್ತು. ಅದರಲ್ಲಿ ನಿಮಿಷಕ್ಕೆ 42 ಹನಿ ಎಂದರೆ ಗಂಟೆಗೆ 42 ಮಿಲಿಲೀಟರ್ ಮಾತ್ರ. ನಾಲ್ಕು ಗಂಟೆಯ ದ್ರಾವಣ ಹನ್ನೆರಡು ಗಂಟೆ ಹರಿಯುವುದರಲ್ಲಿತ್ತು.

ರೋಗಿಗೆ ತೊಂದರೆಯಾಗಲಿಲ್ಲ. ಆದರೆ ಇದೇ ತಪ್ಪು ತಿರುಗುಮುರುಗಾಗಿದ್ದರೆ, ಎಂದರೆ ಮೈಕ್ರೋ ಸೆಟ್ಟಿಗೆಂದು 125 ಹನಿಯ ಲೆಕ್ಕ ಹಾಕಿ ಅದನ್ನು ದೊಡ್ಡ ಹನಿಯ ಸೆಟ್‌ನಲ್ಲಿ ಹೊಂದಿಸಿದ್ದರೆ, ಅರ್ಧ ಲೀಟರ್ ದ್ರಾವಣ ಎಂಬತ್ತು ನಿಮಿಷದಲ್ಲಿ ಒಳಗೆ ಹೋಗುತ್ತಿತ್ತು. ಹೃದಯ ದುರ್ಬಲವಾಗಿರುವ ಮುದುಕರಿಗೆ ಅಷ್ಟು ಸಾಕು, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಎರಡು ಸೆಟ್‌ಗಳ ವ್ಯತ್ಯಾಸ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ಒಂದೇ ಅಳತೆಯ, ಒಂದೇ ಬಗೆಯ ಕವರಿನಲ್ಲಿದ್ದ ಎರಡು ಸೆಟ್‌ಗಳು ಒಂದೇ ಟ್ರೇಯಲ್ಲಿದ್ದವು, ರಾತ್ರಿ ಎರಡು ಗಂಟೆಯಾಗಿತ್ತು, ಅಷ್ಟೇ. ಇಷ್ಟು ವರ್ಷಗಳಲ್ಲಿ ನಾನು ಹತ್ತಿರದಿಂದ ಕಂಡ ತಪ್ಪುಗಳಲ್ಲಿ ಹೆಚ್ಚಿನವು ಈ ಜಾತಿಯವು. ಔಷಧ ತಯಾರಿಸಿದವರು, ಲೇಬಲ್ ಅಂಟಿಸಿದವರು, ಆದೇಶ ಬರೆದವರು, ದಾಸ್ತಾನು ಜೋಡಿಸಿದವರು ಅರ್ಧಕ್ಕೆ ಬಿಟ್ಟ ಕೆಲಸಗಳೆಲ್ಲ ಹಾಸಿಗೆಯ ಪಕ್ಕ ನಿಂತಿರುವ ಒಂದು ಜೊತೆ ಕೈಗಳ ಪಾಲಿಗೆ ಬರುತ್ತವೆ, ಮತ್ತು ಆ ಕೈಗಳಿಗೆ ಅದೇ ಗಳಿಗೆಯಲ್ಲಿ ಬೇರೆ ಹತ್ತು ಕೆಲಸಗಳಿರುತ್ತವೆ.

ರಕ್ತನಾಳದ ದಾರಿಗೆ ಇಷ್ಟು ಭಯ ಏಕೆ ಎಂದು ಒಂದು ಮಾತು. ನುಂಗಿದ ಮಾತ್ರೆ ಜಠರ, ಕರುಳು, ಯಕೃತ್ತುಗಳನ್ನು ದಾಟಿ ರಕ್ತ ಸೇರಬೇಕು. ಅಷ್ಟರಲ್ಲಿ ತಪ್ಪು ಗೊತ್ತಾದರೆ ಏನಾದರೂ ಮಾಡಲು ಸ್ವಲ್ಪ ಸಮಯವಿರುತ್ತದೆ. ತೋಳಿನ ಅಭಿಧಮನಿಗೆ ಹಾಕಿದ ಔಷಧವಾದರೋ ಒಂದು ನಿಮಿಷದೊಳಗೆ ಹೃದಯವನ್ನು ಹಾದು ಮಿದುಳಿಗೆ ತಲುಪಿರುತ್ತದೆ. ಸಿರಿಂಜಿನ ಪಿಸ್ಟನ್ ಹಿಂದಕ್ಕೆ ಎಳೆದರೆ ಅದು ವಾಪಸ್ಸು ಬರುವುದಿಲ್ಲ. ಜೀವ ಉಳಿಸುವುದೂ ಇದೇ ವೇಗ.

ಈಗ ಒಂದು ಸಾಮಾನ್ಯ ಕೆಲಸವನ್ನು ಹತ್ತಿರದಿಂದ ನೋಡೋಣ: ಪುಡಿಯ ರೂಪದಲ್ಲಿರುವ ಆ್ಯಂಟಿಬಯೋಟಿಕ್ ಒಂದನ್ನು ಕರಗಿಸಿ ಕೂಸಿಗೆ ಕೊಡುವುದು. ವಯಲ್ ಎಂಬ ಪುಟ್ಟ ಸೀಸೆಯಲ್ಲಿ 600 ಮಿಲಿಗ್ರಾಂ ಬೆಂಜೈಲ್ ಪೆನಿಸಿಲಿನ್ ಇದೆ, ಕೂಸಿಗೆ ಬೇಕಿರುವುದು 150 ಮಿಲಿಗ್ರಾಂ ಎಂದುಕೊಳ್ಳಿ. 2 ಮಿಲಿಲೀಟರ್ ಸ್ಟೆರೈಲ್ ನೀರು ಹಾಕಿ ಕರಗಿಸಿದರೆ ಮಿಲಿಲೀಟರಿಗೆ 300 ಮಿಲಿಗ್ರಾಂ ಆಯಿತು, ಅದರಲ್ಲಿ ಅರ್ಧ ಮಿಲಿಲೀಟರ್ ಎಳೆದರೆ ಸರಿಹೋಯಿತು ಎನ್ನಿಸುತ್ತದೆ. ಆದರೆ ಕರಗಿದ ಪುಡಿಯೂ ಜಾಗ ಹಿಡಿಯುತ್ತದೆ, ಸುಮಾರು 0.4 ಮಿಲಿಲೀಟರಿನಷ್ಟು. ವಯಲ್‌ನಲ್ಲಿ ಈಗಿರುವುದು 2.4 ಮಿಲಿಲೀಟರ್, ಅರ್ಧ ಮಿಲಿಲೀಟರಿನಲ್ಲಿ ಕೂಸಿಗೆ ಹೋಗುವುದು 125 ಮಿಲಿಗ್ರಾಂ. ಆರರಲ್ಲಿ ಒಂದು ಪಾಲು ಔಷಧ ಯಾರ ಗಮನಕ್ಕೂ ಬಾರದೆ ಕಡಿಮೆಯಾಯಿತು. ವಯಲ್ ಪೂರ್ತಿ ಹಾಕಿಸಿಕೊಳ್ಳುವ ದೊಡ್ಡವರ ವಿಷಯದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಹಾಗಾಗಿ ದೊಡ್ಡವರ ವಾರ್ಡಿನಿಂದ ಮಕ್ಕಳ ವಾರ್ಡಿಗೆ ಬಂದ ಅನುಭವಸ್ಥರೇ ಇಲ್ಲಿ ಎಡವುತ್ತಾರೆ.

ಈ ಕೆಲಸದಲ್ಲಿ ಹೆಜ್ಜೆಗಳೆಷ್ಟು ನೋಡಿ: ಆದೇಶ ಓದುವುದು, ಔಷಧ ಹುಡುಕುವುದು, ಯಾವುದರಲ್ಲಿ ಕರಗಿಸಬೇಕೆಂದು ತಿಳಿಯುವುದು, ಕರಗಿಸುವುದು, ಲೆಕ್ಕ ಹಾಕುವುದು, ಎಳೆಯುವುದು, ಇನ್ನಷ್ಟು ತೆಳು ಮಾಡುವುದು, ಲೇಬಲ್ ಬರೆಯುವುದು, ರೋಗಿ ಇವರೇ ಎಂದು ಖಚಿತಪಡಿಸಿಕೊಳ್ಳುವುದು, ರಕ್ತನಾಳದಲ್ಲಿ ಕೂರಿಸಿದ ಪುಟ್ಟ ನಳಿಕೆ, ಕ್ಯಾನುಲಾ, ಸರಿಯಾಗಿದೆಯೇ ನೋಡುವುದು, ಸರಿಯಾದ ವೇಗದಲ್ಲಿ ಕೊಡುವುದು, ಕೊಟ್ಟಾದ ಮೇಲೆ ಸಲೈನ್ ಹಾಕಿ ಕೊಳವೆ ತೊಳೆಯುವುದು, ಬರೆದಿಡುವುದು. ಬ್ರಿಟನ್ನಿನ ಎರಡು ಆಸ್ಪತ್ರೆಗಳ ಹತ್ತು ವಾರ್ಡ್‌ಗಳಲ್ಲಿ ಕಟ್ಯಾ ಟ್ಯಾಕ್ಸಿಸ್ ಮತ್ತು ನಿಕ್ ಬಾರ್ಬರ್ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕೆಲಸವನ್ನು ನರ್ಸ್‌ಗಳ ಪಕ್ಕದಲ್ಲಿ ನಿಂತೇ ಗಮನಿಸಲಾಯಿತು. 430 ಡೋಸ್‌ಗಳಲ್ಲಿ 212ರಲ್ಲಿ, ಅಂದರೆ ಹತ್ತಿರಹತ್ತಿರ ಅರ್ಧದಷ್ಟರಲ್ಲಿ, ಏನಾದರೊಂದು ತಪ್ಪು ಕಂಡಿತು. ಅದರಲ್ಲಿ ಎದ್ದು ಕಂಡದ್ದು ವೇಗದ ತಪ್ಪು: ಮೂರರಿಂದ ಐದು ನಿಮಿಷ ಹಿಡಿದು ನಿಧಾನವಾಗಿ ಕೊಡಬೇಕಾದ ಇಂಜೆಕ್ಷನ್ ಅದಕ್ಕಿಂತ ಬಹಳ ಬೇಗ ಮುಗಿದುಹೋಗುತ್ತಿತ್ತು.

ಐದು ನಿಮಿಷವೆಂದರೆ ಕೇಳಲು ಏನೂ ಅಲ್ಲ. ಆದರೆ ಬೆಳಗಿನ ಔಷಧದ ಹೊತ್ತಿಗೆ ಹತ್ತು ರೋಗಿಗಳಿಗೆ ಒಂದೊಂದು ಇಂಜೆಕ್ಷನ್ ಇದ್ದರೆ, ಬೇರೇನನ್ನೂ ಮಾಡದೆ ಬರೀ ಪಿಸ್ಟನ್ ಒತ್ತುತ್ತ ನಿಲ್ಲುವುದಕ್ಕೇ ಐವತ್ತು ನಿಮಿಷ ಬೇಕು. ಪಾಳಿಯ ಪಟ್ಟಿ ಬರೆಯುವಾಗ ಆ ಐವತ್ತು ನಿಮಿಷವನ್ನು ಲೆಕ್ಕಕ್ಕೆ ಹಿಡಿದವರನ್ನು ನಾನಂತೂ ಕಂಡಿಲ್ಲ. ಆಗ ಕೈ ತಾನಾಗಿ ವೇಗ ಪಡೆಯುತ್ತದೆ, ರೋಗಿಗೆ ಏನೂ ಆಗುವುದಿಲ್ಲ, ಮರುದಿನ ಇನ್ನಷ್ಟು ವೇಗ. ಹೆಚ್ಚಿನ ಔಷಧಗಳು ಸಹಿಸಿಕೊಳ್ಳುವುದರಿಂದಲೇ ಈ ರೂಢಿ ಬೆಳೆಯುತ್ತದೆ, ಸಹಿಸದ ಒಂದು ಔಷಧ ಬರುವವರೆಗೆ. ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಒಂದು ಗ್ರಾಂ ಕನಿಷ್ಠ ಒಂದು ಗಂಟೆ ಹರಿಯಬೇಕು. ಅವಸರಿಸಿದರೆ ಮುಖ, ಕುತ್ತಿಗೆ ಕೆಂಪಾಗಿ ರಕ್ತದೊತ್ತಡ ಕುಸಿಯಬಹುದು. ಮೂರ್ಛೆಗೆ ಕೊಡುವ ಫೆನಿಟಾಯಿನ್ ದೊಡ್ಡವರಲ್ಲಿ ನಿಮಿಷಕ್ಕೆ 50 ಮಿಲಿಗ್ರಾಂ ಮೀರುವಂತಿಲ್ಲ. ಮೀರಿದರೆ ಹೃದಯದ ಬಡಿತ ತಪ್ಪಬಹುದು. ಅದೇ ಫೆನಿಟಾಯಿನ್ ಅನ್ನು ಸಲೈನ್ ಬದಲು ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿದರೆ ಹರಳುಗಟ್ಟುತ್ತದೆ ಎನ್ನುವುದು ಇನ್ನೊಂದು ತಲೆನೋವು.

ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ ಸುಮಾರು ಎರಡು ಸಾವಿರ ಡ್ರಿಪ್‌ಗಳನ್ನು ಪರಿಶೀಲಿಸಿದಾಗ ತಪ್ಪುಗಳಿದ್ದದ್ದು ಶೇಕಡಾ 11.5ರಷ್ಟರಲ್ಲಿ, ಹಾನಿ ಮಾಡಬಹುದಾದ ತಪ್ಪುಗಳು ಶೇಕಡಾ 1.1ರಷ್ಟರಲ್ಲಿ. ಏನನ್ನು ತಪ್ಪು ಎನ್ನುತ್ತೇವೆ, ಯಾವಾಗ ನೋಡುತ್ತೇವೆ ಎನ್ನುವುದರ ಮೇಲೆ ಅಂಕಿಗಳು ಹೀಗೆ ಏರಿಳಿಯುತ್ತವೆ. ಹೆದರಿಸುವುದಕ್ಕೆ ಮೊದಲ ಅಂಕಿಯನ್ನೂ ಸಮಾಧಾನಪಡಿಸುವುದಕ್ಕೆ ಎರಡನೆಯದನ್ನೂ ಬಳಸುವ ಚಾಳಿ ನಮ್ಮ ವೃತ್ತಿಯಲ್ಲಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದೇ ಸರಿ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಐಸಿಯುವಿನಲ್ಲಿ ರಕ್ತದೊತ್ತಡ ಹಿಡಿದು ನಿಲ್ಲಿಸಲು ಡೋಪಮೈನ್ ಕೊಡಬೇಕಾಗುತ್ತದೆ. ಆದೇಶ ಬರುವುದು ಪ್ರತಿ ಕಿಲೋ ತೂಕಕ್ಕೆ ಪ್ರತಿ ನಿಮಿಷ 5 ಮೈಕ್ರೋಗ್ರಾಂ ಎಂದು. ಔಷಧ ಬರುವ ಪುಟ್ಟ ಗಾಜಿನ ಸೀಸೆಯ, ಎಂದರೆ ಆಂಪೂಲ್‌ನ, ಮೇಲಿರುವುದು ಮಿಲಿಗ್ರಾಂ. ಔಷಧವನ್ನು ಅಳೆದು ಹರಿಸುವ ಪಂಪ್ ಕೇಳುವುದು ಗಂಟೆಗೆ ಎಷ್ಟು ಮಿಲಿಲೀಟರ್ ಎಂದು. ರೋಗಿಯ ತೂಕ 60 ಕಿಲೋ, ಸಿರಿಂಜಿನಲ್ಲಿ 200 ಮಿಲಿಗ್ರಾಂ ಔಷಧ 50 ಮಿಲಿಲೀಟರಿಗೆ ಬೆರೆತಿದೆ ಎಂದಾದರೆ, 60ನ್ನು 5ರಿಂದ ಗುಣಿಸಿ, ನಿಮಿಷವನ್ನು ಗಂಟೆ ಮಾಡಲು 60ರಿಂದ ಗುಣಿಸಿ, ಮಿಲಿಗ್ರಾಂ ಮಾಡಲು ಸಾವಿರದಿಂದ ಭಾಗಿಸಿ, ಮಿಲಿಲೀಟರಿಗೆ 4 ಮಿಲಿಗ್ರಾಂ ಇರುವುದರಿಂದ 4ರಿಂದ ಭಾಗಿಸಿದರೆ ಗಂಟೆಗೆ 4.5 ಮಿಲಿಲೀಟರ್ ಎಂಬ ಉತ್ತರ ಬರುತ್ತದೆ. ಮೇಜಿನ ಮುಂದೆ ಕೂತು ಮಾಡಿದರೆ ಏಳನೆಯ ತರಗತಿಯ ಲೆಕ್ಕ. ಮಾನಿಟರ್ ಕೂಗುತ್ತಿರುವಾಗ ಮೂರು ಅಳತೆಗಳ ನಡುವೆ ಓಡಾಡುತ್ತ ಮಾಡಿದರೆ 45 ಆಗುವುದಕ್ಕೆ ಒಂದು ಚುಕ್ಕೆ ತಪ್ಪಿದರೆ ಸಾಕು. ಡೋಪಮೈನ್ ಬೇಕಾದಷ್ಟು ಜನರಿಗೆ ಬೇಕಾಗುವ ಔಷಧ, ಹೆಚ್ಚುಕಡಿಮೆ ಒಂದೇ ಹದದಲ್ಲಿ. ಅದನ್ನು ಫಾರ್ಮಸಿಯಲ್ಲಿ ಮೊದಲೇ ಒಂದು ನಿಗದಿತ ಹದಕ್ಕೆ ಬೆರೆಸಿ ತುಂಬಿಟ್ಟ ಸಿರಿಂಜ್ ರೂಪದಲ್ಲಿ ಕಳಿಸಿದರೆ ಈ ಲೆಕ್ಕದ ಅರ್ಧ ಭಾಗ ಹಾಸಿಗೆಯ ಪಕ್ಕದಿಂದ ಎದ್ದುಹೋಗುತ್ತದೆ.

ಬರವಣಿಗೆಯೂ ಕೈಕೊಡುತ್ತದೆ. 1.0 ಎಂದು ಬರೆದದ್ದರ ಚುಕ್ಕೆ ಮಸುಕಾದರೆ 10, ಮುಂದೆ ಸೊನ್ನೆಯಿಲ್ಲದೆ .5 ಎಂದು ಬರೆದದ್ದು 5. ಇನ್ಸುಲಿನ್ ಆದೇಶದಲ್ಲಿ ಯೂನಿಟ್ ಎಂಬುದಕ್ಕೆ ಹಾಕಿದ ಇಂಗ್ಲಿಷಿನ 'U' ಅಕ್ಷರ ದುಂಡಗಾದರೆ ಇನ್ನೊಂದು ಸೊನ್ನೆ, ಡೋಸ್ ಹತ್ತು ಪಟ್ಟು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ಇಂಥ ಬರಹಗಳನ್ನು ಬಳಸಬಾರದವುಗಳ ಪಟ್ಟಿಗೆ ಸೇರಿಸಿತು. ಅಡ್ರಿನಲಿನ್‌ನ ಹಳೆಯ ಲೇಬಲ್ ಇನ್ನೂ ವಿಚಿತ್ರ. 1:1,000 ಎಂದರೆ ಮಿಲಿಲೀಟರಿಗೆ 1 ಮಿಲಿಗ್ರಾಂ, 1:10,000 ಎಂದರೆ 0.1 ಮಿಲಿಗ್ರಾಂ, ಅಂಕಿ ದೊಡ್ಡದಾದಂತೆ ಔಷಧ ತೆಳುವಾಗುತ್ತದೆ. ಹೃದಯ ನಿಂತವರ ಎದೆ ಒತ್ತುತ್ತಿರುವಾಗ ಇದನ್ನು ಯಾರು ಬಿಡಿಸುತ್ತ ಕೂರಬೇಕು?

ಕಣ್ಣು ಮಾಡುವ ಮೋಸಕ್ಕೆ ಎರಡು ಪ್ರಸಂಗಗಳು ಸಾಕು. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಕೊಳವೆಗಳನ್ನು ಹೆಪ್ಪುಗಟ್ಟದಂತೆ ತೊಳೆಯಲು ಮಿಲಿಲೀಟರಿಗೆ 10 ಯೂನಿಟ್‌ನ ಹೆಪಾರಿನ್ ಬೇಕಿತ್ತು. ಔಷಧದ ಕಪಾಟಿನ ಆ ಖಾನೆಯಲ್ಲಿ 10,000 ಯೂನಿಟ್‌ನ ವಯಲ್‌ಗಳನ್ನು ತುಂಬಿಸಿಡಲಾಗಿತ್ತು. ಎರಡೂ ಪುಟ್ಟ ವಯಲ್‌ಗಳು, ಎರಡರ ಲೇಬಲ್ಲೂ ನೀಲಿ. ಒಬ್ಬರಲ್ಲ, ಹಲವು ನರ್ಸ್‌ಗಳು ಅದೇ ಖಾನೆಗೆ ಕೈ ಹಾಕಿದರು. ಮೂರು ಕೂಸುಗಳು ತೀರಿಕೊಂಡವು. ಆ ಖಾನೆಯಲ್ಲಿ ಬೇರೆಯದು ಇರಲು ಸಾಧ್ಯವೇ ಇಲ್ಲ ಎಂದು ವರ್ಷಗಳ ಅಭ್ಯಾಸ ಹೇಳಿರುವಾಗ ಲೇಬಲ್ ಓದಿದರೂ ಕಣ್ಣಿಗೆ ಕಾಣುವುದು ನಿರೀಕ್ಷಿಸಿದ್ದೇ.

ಎರಡನೆಯದು 2017ರ ಡಿಸೆಂಬರಿನಲ್ಲಿ ಟೆನೆಸ್ಸಿ ರಾಜ್ಯದಲ್ಲಿ ನಡೆದದ್ದು. ಸ್ಕ್ಯಾನಿಂಗ್‌ಗೆ ಹೋದ ರೋಗಿಯ ಆತಂಕ ಕಡಿಮೆ ಮಾಡಲು ಮಿಡಜೋಲಾಮ್ ಕೊಡಬೇಕಿತ್ತು. ಅದರ ಬ್ರ್ಯಾಂಡ್ ಹೆಸರು ವರ್ಸೆಡ್. ಔಷಧ ಕೊಡುವ ಯಂತ್ರದಲ್ಲಿ ನರ್ಸ್ ಇಂಗ್ಲಿಷಿನಲ್ಲಿ ಆ ಹೆಸರಿನ ಮೊದಲ ಎರಡು ಅಕ್ಷರ, VE, ಒತ್ತಿದರು, ಯಂತ್ರದಲ್ಲಿ ಔಷಧ ಇದ್ದದ್ದು ಮಿಡಜೋಲಾಮ್ ಎಂಬ ಹೆಸರಿನಲ್ಲಿ, ಸಿಗಲಿಲ್ಲ; ತಡೆಯನ್ನು ಮೀರುವ ಗುಂಡಿ ಒತ್ತಿ ಮತ್ತೆ ಅದೇ ಅಕ್ಷರಗಳನ್ನು ಹಾಕಿದಾಗ ಬಂದದ್ದು ವೆಕ್ಯುರೋನಿಯಮ್, ಉಸಿರಾಟದ ಸ್ನಾಯುಗಳನ್ನೂ ಸೇರಿಸಿ ಇಡೀ ದೇಹವನ್ನು ನಿಶ್ಚಲಗೊಳಿಸುವ ಔಷಧ. ಮುಚ್ಚಳದ ಮೇಲೆ ಎಚ್ಚರಿಕೆ ಇತ್ತು. ಮಿಡಜೋಲಾಮ್ ದ್ರವ, ಇದು ಪುಡಿ, ಕರಗಿಸಬೇಕಾಯಿತು. ಅಲ್ಲೂ ಅನುಮಾನ ಬರಲಿಲ್ಲ. ರೋಗಿ ಬದುಕಲಿಲ್ಲ, 2022ರಲ್ಲಿ ನ್ಯಾಯಾಲಯ ಆ ನರ್ಸ್‌ ಅಪರಾಧಿ ಎಂದು ತೀರ್ಪಿತ್ತಿತು. ಅವರು ಎಚ್ಚರ ತಪ್ಪಿದ್ದು ನಿಜ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಎರಡೇ ಅಕ್ಷರಕ್ಕೆ ಇಂಥ ಔಷಧವನ್ನು ಹೊರಹಾಕುವ ಯಂತ್ರಕ್ಕೆ ಶಿಕ್ಷೆಯಾಗಲಿಲ್ಲ ಎನ್ನುವುದೂ ನಿಜ. ತೀರ್ಪು ಬಂದ ಮೇಲೆ ನಮ್ಮಲ್ಲಿ ಅನೇಕರು ತಮ್ಮ ಸಣ್ಣಪುಟ್ಟ ತಪ್ಪುಗಳನ್ನು ಹೇಳಿಕೊಳ್ಳಲು ಹಿಂಜರಿಯತೊಡಗಿದರು. ನನ್ನ ಆ ಮೊದಲ ವರ್ಷ ಹಿರಿಯ ಸಿಸ್ಟರ್ ಗದರಿ ಸುಮ್ಮನಾಗಿದ್ದರೆ ಮೈಕ್ರೋ ಸೆಟ್‌ಗಳು ಅದೇ ಟ್ರೇಯಲ್ಲಿ ಉಳಿಯುತ್ತಿದ್ದವು. ಅವರು ಅಂದೇ ಅವುಗಳನ್ನು ಬೇರೆ ಕಪಾಟಿಗೆ ಸಾಗಿಸಿದರು.

ಗಮನ ಕದಡುವುದರ ಬಗ್ಗೆ ಅಳೆದು ಹೇಳಿದವರಿದ್ದಾರೆ. ಆಸ್ಟ್ರೇಲಿಯಾದ ಜೊಹಾನಾ ವೆಸ್ಟ್‌ಬ್ರುಕ್ ಮತ್ತು ಸಂಗಡಿಗರು ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಔಷಧ ಕೊಡುವುದನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಸಲ ನಡುವೆ ಯಾರಾದರೂ ಅಡ್ಡ ಬಂದಿದ್ದರು. ಒಂದೊಂದು ಅಡ್ಡಿಗೂ ಔಷಧದ ತಪ್ಪುಗಳು ಶೇಕಡಾ 12.7ರಷ್ಟು ಏರುತ್ತಿದ್ದವು. ಎಣಿಸುತ್ತಿರುವ ಹನಿ 27ಕ್ಕೆ ಬಂದಾಗ "ಸಿಸ್ಟರ್, ಒಂದ್ನಿಮಿಷ" ಎಂದರೆ ಮತ್ತೆ ಒಂದರಿಂದ ಶುರು ಮಾಡುವವರು ಕಡಿಮೆ, ಅಂದಾಜಿನಲ್ಲಿ ಮುಂದುವರಿಸುವವರೇ ಹೆಚ್ಚು. ಇಬ್ಬರು ಸೇರಿ ಪರೀಕ್ಷಿಸುವ ಪದ್ಧತಿಯೂ ಹೇಳುವಷ್ಟು ಗಟ್ಟಿಯಲ್ಲ. "ಇದು ಹತ್ತು ಮಿಲಿಗ್ರಾಂ, ಸರಿ ತಾನೇ?" ಎಂದು ಕೇಳಿದರೆ ಎರಡನೆಯವರು ಹೂಂಗುಟ್ಟುತ್ತಾರೆ. ಉತ್ತರವನ್ನು ಮುಚ್ಚಿಟ್ಟು, ಅವರೇ ಬೇರೆ ಕಾಗದದಲ್ಲಿ ಲೆಕ್ಕ ಮಾಡಿ ಎರಡನ್ನೂ ಹೋಲಿಸಿದರೆ ಮಾತ್ರ ಅದು ಪರೀಕ್ಷೆ.

ಈಗ ದಾರಿ ತಪ್ಪುವ ತಪ್ಪು. ಆಡುಮಾತಿನಲ್ಲಿ ನಾವು "ನರಕ್ಕೆ ಇಂಜೆಕ್ಷನ್ ಕೊಟ್ಟರು" ಎನ್ನುತ್ತೇವೆ. ರಕ್ತನಾಳಕ್ಕೂ ನರತಂತುವಿಗೂ ನಮ್ಮಲ್ಲಿ ಒಂದೇ ಪದ. ವಾರ್ಡಿನಲ್ಲಿ ಇದೇ ಗೊಂದಲವನ್ನು ಒಂದು ಪ್ಲಾಸ್ಟಿಕ್ ತುಂಡು ಮಾಡಿತು. ಲೂಯರ್ ಕನೆಕ್ಟರ್ ಎಂಬ ಆ ಜೋಡಣೆ ಎಷ್ಟು ಅನುಕೂಲಕರವೆಂದರೆ ರಕ್ತನಾಳದ ಕ್ಯಾನುಲಾಗೂ ಬೆನ್ನುಹುರಿಯ ಸೂಜಿಗೂ ಅನ್ನನಾಳದ ಕೊಳವೆಗೂ ಒಂದೇ ಸಿರಿಂಜ್ ಕೂತುಬಿಡುತ್ತಿತ್ತು. ಕ್ಯಾನ್ಸರಿನ ಔಷಧ ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ ಹೋಗಬೇಕಾದದ್ದು. ಬೆನ್ನುಹುರಿಯ ದ್ರವಕ್ಕೆ ಹೋದರೆ ಹೆಚ್ಚುಕಡಿಮೆ ಖಚಿತವಾದ ಸಾವು. ಅದೇ ದಿನ ಅದೇ ರೋಗಿಗೆ ಬೆನ್ನಿಗೆ ಕೊಡುವ ಇನ್ನೊಂದು ಔಷಧವೂ ಸಿರಿಂಜಿನಲ್ಲೇ ಬರುತ್ತಿದ್ದುದರಿಂದ ಈ ಅದಲುಬದಲು ದೇಶದಿಂದ ದೇಶಕ್ಕೆ, ದಶಕದಿಂದ ದಶಕಕ್ಕೆ ಮರುಕಳಿಸಿತು. ಎಚ್ಚರಿಕೆಯ ಲೇಬಲ್‌ಗಳು ಸಾಲಲಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಉಪಾಯ ಸರಳ: ವಿನ್‌ಕ್ರಿಸ್ಟಿನನ್ನು ಸಿರಿಂಜಿನಲ್ಲಿ ಕೊಡಲೇಬೇಡಿ, ಚಿಕ್ಕ ಸಲೈನ್ ಚೀಲದಲ್ಲಿ ಬೆರೆಸಿ ಕಳಿಸಿ. ಚೀಲ ಹಿಡಿದು ಬೆನ್ನಿಗೆ ಚುಚ್ಚಲು ಯಾರೂ ಹೋಗುವುದಿಲ್ಲ. ಬೆನ್ನಿನ ಸೂಜಿಗೇ ಬೇರೆ ಅಳತೆಯ ಜೋಡಣೆ ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡ 2016ರಲ್ಲಿ ಬಂತು. ಸಾಂದ್ರ ಪೊಟ್ಯಾಸಿಯಮ್ ಕ್ಲೋರೈಡ್ ವಿಷಯದಲ್ಲೂ ಇದೇ ಬುದ್ಧಿ. 20 ಮಿಲಿ ಈಕ್ವಿವಲೆಂಟ್ (ಲವಣದ ಪ್ರಮಾಣ ಹೇಳುವ ಅಳತೆ) ಇರುವ ಹತ್ತು ಮಿಲಿಲೀಟರ್ ಆಂಪೂಲ್ ಅನ್ನು, ತೆಳು ಮಾಡಿ ಸಾಮಾನ್ಯವಾಗಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್‌ನಂತೆ ಹರಿಸಬೇಕು. ಸ್ಟೆರೈಲ್ ನೀರೆಂದು ಭ್ರಮಿಸಿ ನೇರವಾಗಿ ಒತ್ತಿದರೆ ಹೃದಯ ನಿಲ್ಲುತ್ತದೆ. ಅದಕ್ಕೆ ಮದ್ದು, ಆ ಆಂಪೂಲ್ ಸಾಮಾನ್ಯ ವಾರ್ಡಿನ ಕಪಾಟಿನಲ್ಲಿ ಇಲ್ಲದಿರುವುದು.

ಪಂಪ್‌ಗಳು ಬಂದ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡವರಿದ್ದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ 2005ರಿಂದ 2009ರವರೆಗೆ ಇನ್‌ಫ್ಯೂಷನ್ ಪಂಪ್‌ಗಳ ಬಗ್ಗೆ ಬಂದ ದೂರುಗಳು ಸುಮಾರು 56,000. ಒಂದೇ ಒತ್ತಿಗೆ ಎರಡು ಸಲ ದಾಖಲಾಗುವ ಗುಂಡಿ, ಕಾರಣವಿಲ್ಲದೆ ಕೂಗುವ ಅಲಾರಂ, ಕೂಗಿ ಕೂಗಿ ಯಾರೂ ಕಿವಿಗೊಡದಂತಾದ ಅಲಾರಂ. ಪ್ರತಿ ಔಷಧದ ಮೇಲ್ಮಿತಿ ತಿಳಿದಿರುವ ಪಂಪ್‌ಗಳು ನಿಜಕ್ಕೂ ಉಪಕಾರಿ, ಮಿತಿಗಳನ್ನು ಬಲ್ಲವರು ಕೂತು ತುಂಬಿಸಿದ್ದರೆ.

ಕೊನೆಗೆ, ರೋಗಿಯ ಪಕ್ಕ ಕೂರುವ ನಾವೇನು ಮಾಡಬಹುದು ಎಂದು ನೀವು ಕೇಳಬಹುದು. ಡ್ರಿಪ್ ನಿಧಾನವಾಯಿತೆಂದು ಹಲ್ಲುಚಕ್ರವನ್ನು ನೀವೇ ತಿರುಗಿಸಬೇಡಿ. ರೋಗಿಯ ಈಚಿನ ತೂಕ ಮತ್ತು ಒಗ್ಗದ ಔಷಧಗಳ ಹೆಸರನ್ನು ಚೀಟಿಯಲ್ಲಿ ಬರೆದು ಇಟ್ಟುಕೊಂಡಿರಿ, ಕೇಳದಿದ್ದರೂ ತೋರಿಸಿ. ಆಪರೇಷನ್ ಥಿಯೇಟರಿನಿಂದ ಬಂದವರಾದರೆ ಕ್ಯಾನುಲಾವನ್ನು ಸಲೈನ್ ಹಾಕಿ ತೊಳೆದಿದ್ದಾರೆಯೇ ಎಂದು ಧಾರಾಳವಾಗಿ ಕೇಳಬಹುದು. ಸ್ನಾಯು ಸಡಿಲಿಸುವ ಔಷಧ ಒಂದಿಷ್ಟು ಅದರ ಕೊರಳಿನಲ್ಲಿ ಉಳಿದಿದ್ದು, ವಾರ್ಡಿನಲ್ಲಿ ಮುಂದಿನ ಇಂಜೆಕ್ಷನ್ ಅದನ್ನು ಒಳಕ್ಕೆ ತಳ್ಳಿ ರೋಗಿಯ ಉಸಿರು ನಿಂತ ಪ್ರಸಂಗಗಳಿವೆ. ಏನು ಔಷಧ, ಎಷ್ಟು ಹೊತ್ತು ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ನರ್ಸ್ ವಯಲ್‌ನಿಂದ ಔಷಧ ಎಳೆಯುತ್ತಿರುವಾಗ ಕೇಳಬೇಡಿ. ಅವರು ಸಿರಿಂಜ್ ಹಿಡಿದು ನಿಮ್ಮ ಹಾಸಿಗೆಯ ಬಳಿಗೆ ಬಂದು ರೋಗಿಯ ಹೆಸರು ಕೇಳುತ್ತಾರಲ್ಲ, ಆಗ ಕೇಳಿ.